ಎಚ್‌ಐವಿ ಇರುವ ಗರ್ಭಿಣಿಯರಲ್ಲಿ ವರ್ಣತಂತು ದೋಷದ ಸ್ಕ್ರೀನಿಂಗ್

ಗರ್ಭದಲ್ಲಿರುವ ಮಗುವಿಗೆ ವರ್ಣತಂತುಗಳ ದೋಷವಿರುವ ಸಾಧ್ಯತೆ ಎಷ್ಟೆಂದು ತಾಯಿಯ ರಕ್ತ ಹಾಗೂ ಅಲ್ಟ್ರಾಸೌಂಡ್ ಮೂಲಕ ಅಂದಾಜು ಮಾಡುವುದನ್ನು ಪ್ರಸವಪೂರ್ವ ಸ್ಕ್ರೀನಿಂಗ್ ಎನ್ನುತ್ತಾರೆ. 21ನೇ ವರ್ಣತಂತು ಎರಡರ ಬದಲು ಮೂರಿದ್ದರೆ ಡೌನ್ ಸಿಂಡ್ರೋಮ್ ಉಂಟಾಗುತ್ತದೆ. ಇದು ಹುಡುಕುವ ದೋಷಗಳಲ್ಲಿ ಮುಖ್ಯವಾದದ್ದು. ತಾಯಿಯ ವಯಸ್ಸು ಏರಿದಂತೆ ಇದರ ಸಾಧ್ಯತೆ ಏರುತ್ತದೆಯೇ ಹೊರತು ಎಚ್‌ಐವಿ ಇದಕ್ಕೆ ಕಾರಣವಲ್ಲ. ಆದರೂ ಸೋಂಕಿರುವ ಗರ್ಭಿಣಿಯ ವಿಷಯದಲ್ಲಿ ಇದನ್ನು ಬೇರೆಯಾಗಿಯೇ ವಿವರಿಸಬೇಕಾಗುತ್ತದೆ. ಏಕೆಂದರೆ ವರದಿ ಬಂದ ಮೇಲೆ ಇಡಬೇಕಾದ ಹೆಜ್ಜೆ ಆಕೆಗೆ ಬೇರೆಯವರಿಗಿಂತ ಹೆಚ್ಚು ಎಚ್ಚರ ಬೇಡುತ್ತದೆ.

ನಮ್ಮ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ 11ರಿಂದ 14 ವಾರದೊಳಗೆ ಎನ್‌ಟಿ ಸ್ಕ್ಯಾನ್ ಮತ್ತು ಡಬಲ್ ಮಾರ್ಕರ್ ರಕ್ತಪರೀಕ್ಷೆಯನ್ನು ಒಟ್ಟಿಗೆ ಮಾಡುತ್ತಾರೆ. ಸ್ಕ್ಯಾನ್‌ನಲ್ಲಿ ಭ್ರೂಣದ ಕತ್ತಿನ ಹಿಂಭಾಗದ ದ್ರವದ ದಪ್ಪವನ್ನು ಅಳೆದರೆ, ರಕ್ತದಲ್ಲಿ ಮಾಸು ಸ್ರವಿಸುವ ಎರಡು ವಸ್ತುಗಳ ಪ್ರಮಾಣವನ್ನು ನೋಡುತ್ತಾರೆ. ಎಚ್‌ಐವಿ ಮತ್ತು ಅದರ ಔಷಧಿಗಳು ಈ ವಸ್ತುಗಳ ಪ್ರಮಾಣವನ್ನು ತುಸು ಬದಲಿಸಬಹುದೆಂದು ಕೆಲವು ಅಧ್ಯಯನಗಳು ಹೇಳಿವೆ, ಬದಲಾವಣೆ ಕಾಣಲಿಲ್ಲವೆಂದು ಇನ್ನು ಕೆಲವು ಹೇಳಿವೆ. ಹಾಗಾಗಿ ವಯಸ್ಸು, ತೂಕಗಳಿಗೆ ಲೆಕ್ಕದಲ್ಲಿ ಮಾಡುವಂಥ ಸರ್ವಸಮ್ಮತ ತಿದ್ದುಪಡಿ ಎಚ್‌ಐವಿಗೆ ಇಲ್ಲ.

ವರದಿಯಲ್ಲಿ 1:200 ಎಂದು ಬಂದು, ಅದರ ಮುಂದೆ 'ಹೈ ರಿಸ್ಕ್' ಎಂದು ಕೆಂಪಕ್ಷರದಲ್ಲಿ ಅಚ್ಚಾಗಿದೆ ಎಂದುಕೊಳ್ಳಿ. ಇಂಥದೇ ಫಲಿತಾಂಶ ಬಂದ 200 ಗರ್ಭಿಣಿಯರಲ್ಲಿ ಸರಿಸುಮಾರು 199 ಮಂದಿಯ ಮಗುವಿಗೆ ಆ ದೋಷ ಇರುವುದಿಲ್ಲ ಎಂಬುದು ಇದರ ಅರ್ಥ. ಖಚಿತಪಡಿಸಿಕೊಳ್ಳಲು ಅಲ್ಟ್ರಾಸೌಂಡ್ ನೋಡುತ್ತಲೇ ತಾಯಿಯ ಹೊಟ್ಟೆಯ ಮೂಲಕ ತೆಳುವಾದ ಸೂಜಿ ತೂರಿಸಿ ಸ್ವಲ್ಪ ಗರ್ಭಜಲವನ್ನು ತೆಗೆದು ಪರೀಕ್ಷಿಸಬೇಕು. ಇದೇ ಆಮ್ನಿಯೊಸೆಂಟೆಸಿಸ್, 15 ವಾರಗಳ ನಂತರ ಮಾಡುವಂಥದ್ದು. ತಾಯಿಯ ರಕ್ತದಲ್ಲಿ ವೈರಸ್ ಹೇರಳವಾಗಿದ್ದರೆ ಆ ಸೂಜಿಯೊಂದಿಗೆ ಅದು ಮಗುವನ್ನು ತಲುಪಬಹುದು. ಚಿಕಿತ್ಸೆಯೇ ಇಲ್ಲದ ದಿನಗಳಲ್ಲಿ ಈ ಭಯ ನಿಜವಾಗಿತ್ತು. ಎಆರ್‌ಟಿ, ಅಂದರೆ ಎಚ್‌ಐವಿಯನ್ನು ಹತ್ತಿಕ್ಕುವ ಮಾತ್ರೆಗಳಿಂದ ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ಸಿನ ಪ್ರಮಾಣ) ಅಡಗಿರುವವರಲ್ಲಿ ಅಪಾಯ ಬಹಳ ಕಡಿಮೆ. ಆದ್ದರಿಂದಲೇ ಪ್ರತಿ ಮಿಲಿಲೀಟರ್ ರಕ್ತದಲ್ಲಿ ವೈರಸ್ಸಿನ ಪ್ರತಿಗಳು 50ಕ್ಕಿಂತ ಕೆಳಗಿಳಿಯುವವರೆಗೆ, ಸಾಧ್ಯವಿದ್ದಷ್ಟು, ಸೂಜಿಯ ಪರೀಕ್ಷೆಯನ್ನು ಮುಂದೂಡಬೇಕೆಂದು ಬ್ರಿಟನ್ನಿನ ಎಚ್‌ಐವಿ ತಜ್ಞರ ಸಂಘದ ಮಾರ್ಗಸೂಚಿ ಹೇಳುತ್ತದೆ. ಸೂಜಿ ಮಾಸನ್ನು ಹಾಯದಂತೆ ನೋಡಿಕೊಳ್ಳುವುದೂ ಅಷ್ಟೇ ಮುಖ್ಯ.

ಹೀಗಿರುವಾಗ, ತಪ್ಪಾಗಿ 'ಹೈ ರಿಸ್ಕ್' ಎನ್ನುವ ವರದಿಗಳು ಎಷ್ಟು ಕಡಿಮೆಯಾದರೆ ಅಷ್ಟು ಒಳ್ಳೆಯದು. ಎನ್‌ಐಪಿಟಿ ಎಂಬ ರಕ್ತಪರೀಕ್ಷೆಗೆ ಬೆಲೆ ಬರುವುದು ಇಲ್ಲಿಯೇ. ತಾಯಿಯ ರಕ್ತದಲ್ಲಿ ತೇಲುವ, ಮಾಸಿನಿಂದ ಬಂದ ಡಿಎನ್‌ಎ ತುಣುಕುಗಳನ್ನು ಓದುವ ಈ ಪರೀಕ್ಷೆ ಡೌನ್ ಸಿಂಡ್ರೋಮನ್ನು ಸುಮಾರು ಶೇಕಡ 99ರಷ್ಟು ಪ್ರಕರಣಗಳಲ್ಲಿ ಪತ್ತೆಹಚ್ಚುತ್ತದೆ, ತಪ್ಪು ಎಚ್ಚರಿಕೆ ಕೊಡುವುದು ಅಪರೂಪ. ದುಬಾರಿ ಎಂಬುದು ನಿಜ. ಆದರೆ ಎಚ್‌ಐವಿ ಇರುವವರಿಗೆ ಡಬಲ್ ಮಾರ್ಕರ್ ವರದಿಯಿಂದ ನೇರ ಸೂಜಿಗೆ ಹೋಗುವ ಬದಲು ನಡುವೆ ಇದನ್ನು ಮಾಡಿಸುವುದೇ ವಿವೇಕವೆಂದು ನನಗನ್ನಿಸುತ್ತದೆ. ಅಂತಿಮ ನಿರ್ಣಯವನ್ನಂತೂ ಇದೂ ಕೊಡಲಾರದು.

ಗರ್ಭಿಣಿಯಾದ ಮೇಲಷ್ಟೇ, ಅದೂ 17-18 ವಾರಕ್ಕೆ, ಸೋಂಕು ತಿಳಿದುಬಂದವರಿಗೂ ದಾರಿ ಮುಚ್ಚಿರುವುದಿಲ್ಲ. 10 ವಾರಗಳ ನಂತರ ಯಾವಾಗ ಬೇಕಾದರೂ ಎನ್‌ಐಪಿಟಿ ಮಾಡಬಹುದಾದ್ದರಿಂದ, ಎಆರ್‌ಟಿ ಕೇಂದ್ರದಲ್ಲಿ ಅಂದೇ ಉಚಿತ ಮಾತ್ರೆ ಆರಂಭಿಸಿ, ವರದಿ ಬರುವಷ್ಟರಲ್ಲಿ ವೈರಲ್ ಲೋಡ್ ಇಳಿಯಲು ಅವಕಾಶ ಕೊಡಬಹುದು. ಈಗ ಬಳಕೆಯಲ್ಲಿರುವ ಡೊಲುಟೆಗ್ರಾವಿರ್ ಅದನ್ನು ಕೆಲವೇ ವಾರಗಳಲ್ಲಿ ಇಳಿಸುವ ಔಷಧಿ. 2021ರ ಗರ್ಭಪಾತ ಕಾಯ್ದೆ ತಿದ್ದುಪಡಿಯ ಪ್ರಕಾರ, ಭ್ರೂಣದ ದೋಷ ಗಂಭೀರವೆಂದು ವೈದ್ಯಕೀಯ ಮಂಡಳಿ ತೀರ್ಮಾನಿಸಿದ ಪ್ರಕರಣಗಳಿಗೆ 24 ವಾರದ ಗಡುವು ಅನ್ವಯಿಸುವುದಿಲ್ಲ; ಹಾಗಾಗಿ ವೈರಲ್ ಲೋಡ್ ನೋಡದೆ ಅವಸರದಲ್ಲಿ ಸೂಜಿ ಹಾಕಿಸಿಕೊಳ್ಳಬೇಕಾದ ಒತ್ತಡ ಹೆಚ್ಚಿನವರಿಗೆ ಇರುವುದಿಲ್ಲ.