ಸಿನಿಮಾದಲ್ಲಿ ಆಡುವ ಚೆಸ್ ಎಷ್ಟು ಖರೆ?

ಪ್ರಶ್ನೆ: "ನಮ್ಮ ಹುಡುಗ ಚೆಸ್ ಕಲೀಲಿಕತ್ಯಾನ್ರಿ. ಸಿನಿಮಾ ನೋಡಿ ಕಾಯಿ ಟಪ್ ಅಂತ ಕುಕ್ಕತಾನ, ಗೆದ್ರ ರಾಜನ್ನ ಕೆಡವತಾನ. ಟೂರ್ನಮೆಂಟಿನಾಗ ಖರೇನ ಹಂಗ ಆಡ್ತಾರೇನ್ರಿ? ಯಾವ ಸಿನಿಮಾ ತೋರಿಸಿದ್ರ ಛಲೋ?" ಕಲಬುರಗಿಯ ಓದುಗರೊಬ್ಬರು ಕೇಳಿದ್ದಾರೆ.

ಇಲ್ಲಿನ ಟೂರ್ನಮೆಂಟ್‌ಗಳಲ್ಲಿ ಆರ್ಬಿಟರ್ (ಚೆಸ್ ತೀರ್ಪುಗಾರ) ಆಗಿ ನಿಂತಾಗಲೆಲ್ಲ ಯಾರಾದರೂ ಒಬ್ಬ ತಂದೆಯೋ ತಾಯಿಯೋ ಇದನ್ನು ಕೇಳಿಯೇ ಕೇಳುತ್ತಾರೆ. ಬೋರ್ಡ್ ಮೇಲಿನ ಆಟ ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ ಖರೆ. ಸುಳ್ಳು ಇರುವುದು ಬೋರ್ಡಿನ ಆಚೀಚೆ ಕೂತವರ ನಡವಳಿಕೆಯಲ್ಲಿ.

ಮೊದಲು ಬೋರ್ಡಿನ ಮಾತು. ದೊಡ್ಡ ಸಿನಿಮಾದವರು ಸುಮ್ನೆ ಕಾಯಿ ಹರಡಿ ಕ್ಯಾಮೆರಾ ಇಡುವುದಿಲ್ಲ. ಯಾರೋ ಆಡಿದ ಹಳೆಯ ಆಟವನ್ನು ಎತ್ತಿಕೊಳ್ಳುತ್ತಾರೆ, ಇಲ್ಲವೇ ಬಲ್ಲವರನ್ನು ಕರೆಸಿ ಆಟ ಹೊಸೆಸುತ್ತಾರೆ. 1963ರ ಜೇಮ್ಸ್ ಬಾಂಡ್ ಚಿತ್ರ 'ಫ್ರಮ್ ರಷ್ಯಾ ವಿತ್ ಲವ್'ನಲ್ಲಿ ಬರುವ ಆಟ, 1960ರಲ್ಲಿ ಲೆನಿನ್‌ಗ್ರಾಡಿನಲ್ಲಿ ಸೋವಿಯತ್ ಆಟಗಾರ ಬೋರಿಸ್ ಸ್ಪಾಸ್ಕಿ, ಡೇವಿಡ್ ಬ್ರಾನ್‌ಸ್ಟೈನ್ ವಿರುದ್ಧ ಗೆದ್ದದ್ದು. ನಡುವಿನ ಎರಡು ಪ್ಯಾದೆಗಳನ್ನು ಮಾತ್ರ ತೆಗೆದಿದ್ದಾರೆ. ಮೊದಲ ಹ್ಯಾರಿ ಪಾಟರ್ ಚಿತ್ರದ ದೈತ್ಯ ಕಾಯಿಗಳ ಆಟವನ್ನು ಜೆರೆಮಿ ಸಿಲ್ಮನ್ ಎಂಬ ಇಂಟರ್‌ನ್ಯಾಷನಲ್ ಮಾಸ್ಟರ್ ರಚಿಸಿಕೊಟ್ಟರು.

1968ರ '2001: ಎ ಸ್ಪೇಸ್ ಒಡಿಸ್ಸಿ'ಯಲ್ಲಿ ಗಗನಯಾತ್ರಿಯೊಬ್ಬ ಹ್ಯಾಲ್ ಎಂಬ ಕಂಪ್ಯೂಟರ್ ಜೊತೆ ಆಡುವುದು 1910ರಲ್ಲಿ ಹ್ಯಾಂಬರ್ಗ್‌ನಲ್ಲಿ ನಡೆದ ಆಟ. ನಿರ್ದೇಶಕ ಸ್ಟ್ಯಾನ್ಲಿ ಕುಬ್ರಿಕ್ ಸ್ವತಃ ಚೆಸ್ ಹುಚ್ಚಿನವರು. ಆದರೂ ಕಂಪ್ಯೂಟರ್ ಹೇಳುವ ಒಂದು ನಡೆಯಲ್ಲಿ ಮನೆಯ ಸಂಖ್ಯೆ ತಪ್ಪಿದೆ. ಆರು ಅನ್ನುವ ಕಡೆ ಮೂರು ಅನ್ನುತ್ತದೆ. ಕೈತಪ್ಪೋ, ಬೇಕಂತಲೇ ಇಟ್ಟದ್ದೋ ಎಂದು ಚೆಸ್ ಮಂದಿ ಇವತ್ತಿಗೂ ಜಗಳ ಆಡುತ್ತಾರೆ. ಹ್ಯಾಲ್ ಮಾತು ಕೇಳಿ ಗಗನಯಾತ್ರಿ ಪರೀಕ್ಷೆ ಮಾಡದೇ ಸೋಲು ಒಪ್ಪಿಕೊಳ್ಳುತ್ತಾನೆ ಎನ್ನುವುದೇ ನನಗೆ ಹೆಚ್ಚು ಮಜಾ ಕೊಡುವ ಸಂಗತಿ.

2020ರಲ್ಲಿ ಬಂದ 'ದಿ ಕ್ವೀನ್ಸ್ ಗ್ಯಾಂಬಿಟ್' ಸರಣಿಯನ್ನು ಬಹಳ ಮಂದಿ ನೋಡಿದ್ದೀರಿ. ಅದಕ್ಕೆ ಸಲಹೆಗಾರರು ಮಾಜಿ ವಿಶ್ವ ಚಾಂಪಿಯನ್ ಗ್ಯಾರಿ ಕಾಸ್ಪರೋವ್ ಮತ್ತು ಚೆಸ್ ತರಬೇತುದಾರ ಬ್ರೂಸ್ ಪ್ಯಾಂಡೊಲ್ಫಿನಿ. ಕೊನೆಗೆ ನಾಯಕಿ ಮಾಸ್ಕೋದಲ್ಲಿ ಆಡುವ ಆಟದ ಬುಡ ಇರುವುದು 1993ರಲ್ಲಿ ಸ್ವಿಟ್ಜರ್ಲೆಂಡಿನ ಬೀಲ್‌ನಲ್ಲಿ ಗ್ರ್ಯಾಂಡ್‌ಮಾಸ್ಟರ್‌ಗಳಾದ ವಾಸಿಲಿ ಇವಾಂಚುಕ್ ಮತ್ತು ಪ್ಯಾಟ್ರಿಕ್ ವುಲ್ಫ್ ಆಡಿದ ಆಟದಲ್ಲಿ. ಅಲ್ಲಿ ಅದು ಡ್ರಾ ಆಗಿತ್ತು. ಸರಣಿಯಲ್ಲಿ ನಡುವೆ ದಾರಿ ಬದಲಿಸಿ ನಾಯಕಿಯನ್ನು ಗೆಲ್ಲಿಸಿದ್ದಾರೆ. ಅವಳು ಛತ್ತು ನೋಡುತ್ತಾ ಲೆಕ್ಕ ಹಾಕುವುದನ್ನು ಕಂಡು "ಇದೆಲ್ಲ ಸಿನಿಮಾ ಆಟ" ಎಂದು ನಕ್ಕವರುಂಟು. ಆದರೆ ಆಡುವಾಗ ಬೋರ್ಡ್ ಬಿಟ್ಟು ಛತ್ತು ನೋಡುವುದಕ್ಕೆ ಹೆಸರಾದವರೇ ಇವಾಂಚುಕ್! ಮೇಲೆ ಕಾಯಿಗಳು ತಲೆಕೆಳಗಾಗಿ ನೇತಾಡುವುದು ಮಾತ್ರ ಕಲ್ಪನೆ.

ಸೀರಿಯಲ್, ಜಾಹೀರಾತುಗಳ ಕಥೆ ಬೇರೆ. ಬೋರ್ಡನ್ನೇ ಅಡ್ಡ ಇಟ್ಟಿರುತ್ತಾರೆ. ಆಡುವವರ ಬಲಗೈ ಕಡೆಯ ಮೂಲೆಮನೆ ಬಿಳಿ ಇರಬೇಕು, ಬಿಳಿ ಮಂತ್ರಿ ಬಿಳಿ ಮನೆಯಲ್ಲಿ, ಕಪ್ಪು ಮಂತ್ರಿ ಕಪ್ಪು ಮನೆಯಲ್ಲಿ. ಮುಂದಿನ ಸಲ ಟಿವಿಯಲ್ಲಿ ಚೆಸ್ ಕಂಡರೆ ಹುಡುಗನಿಗೆ ಇದನ್ನೇ ಹುಡುಕಲು ಹೇಳಿ.

ಈಗ ಮನುಷ್ಯರ ಕಡೆ ಬರೋಣ. ಸಿನಿಮಾದಲ್ಲಿ ಒಬ್ಬ ಚೆಕ್‌ಮೇಟ್ ಅಂತಾನೆ, ಎದುರಿನವನು ಬೆಚ್ಚಿ ಬೀಳುತ್ತಾನೆ. ದೊಡ್ಡ ಆಟಗಾರರ ನಡುವೆ ಹೀಗೆ ಆಗುವುದು ಇಲ್ಲವೇ ಇಲ್ಲ ಅನ್ನುವಷ್ಟು ಅಪರೂಪ. ಹತ್ತು ನಡೆ ಮೊದಲೇ ಸೋಲು ಕಂಡಿರುತ್ತದೆ. ಸುಮ್ಮನೆ ಗಡಿಯಾರ ನಿಲ್ಲಿಸಿ, ಕೈ ಕುಲುಕಿ, ಸ್ಕೋರ್‌ಶೀಟಿಗೆ (ನಡೆ ಬರೆಯುವ ಹಾಳೆಗೆ) ಸಹಿ ಹಾಕಿ ಏಳುತ್ತಾರೆ. ರಾಜನನ್ನು ಕೆಡವುವ ಅಭ್ಯಾಸ ನಮ್ಮ ಟೂರ್ನಮೆಂಟ್‌ಗಳಲ್ಲಿ ಕಾಣುವುದಿಲ್ಲ. ಹಾಗೆ ಕೆಡವಿದರೂ ಅದು ಸೋತವರು ಮಾಡುವ ಕೆಲಸ. ಗೆದ್ದವನು ಎದುರಿನವನ ರಾಜನನ್ನು ಮುಟ್ಟುವುದು ಮರ್ಯಾದೆಯಲ್ಲ, ನಿಮ್ಮ ಹುಡುಗನಿಗೆ ಇಷ್ಟು ಹೇಳಿ. "ಚೆಕ್" ಎಂದು ಬಾಯಿಬಿಟ್ಟು ಹೇಳುವುದೂ ದೊಡ್ಡ ಟೂರ್ನಮೆಂಟಿನಲ್ಲಿ ಇಲ್ಲ.

ಎರಡನೆಯದು ಹೊತ್ತು. ದೊಡ್ಡ ಕ್ಲಾಸಿಕಲ್ ಆಟ, ಅಂದರೆ ಹೆಚ್ಚು ಹೊತ್ತು ಕೊಟ್ಟು ಆಡಿಸುವ ಆಟ, ನಾಲ್ಕೈದು ತಾಸು ನಡೆಯುತ್ತದೆ. ಒಂದು ನಡೆಗೆ ಅರ್ಧ ತಾಸು ಯೋಚಿಸಿದರೂ ಯಾರೂ ಕೇಳುವುದಿಲ್ಲ. ಎದ್ದು ಅಡ್ಡಾಡುತ್ತಾರೆ, ನೀರು ಕುಡಿಯುತ್ತಾರೆ, ಪ್ರತಿ ನಡೆಯನ್ನೂ ಬರೆದುಕೊಳ್ಳುತ್ತಾರೆ. ಈ ಬರೆಯುವ ಕೆಲಸ ಸಿನಿಮಾದಲ್ಲಿ ಅಷ್ಟಾಗಿ ಕಾಣುವುದೇ ಇಲ್ಲ. ನಮ್ಮ ಕಡೆ ಮೇ ತಿಂಗಳಲ್ಲಿ ಹಾಲ್‌ನಲ್ಲಿ ಆಡಿಸುವಾಗ ಫ್ಯಾನ್ ಜೋರು ಮಾಡಿದರೆ ಸ್ಕೋರ್‌ಶೀಟ್ ಹಾರುತ್ತದೆ, ಕಡಿಮೆ ಮಾಡಿದರೆ ಮಕ್ಕಳು ಬೆವರಲ್ಲಿ ತೊಯ್ಯುತ್ತಾರೆ. ಇದನ್ನು ಯಾವ ನಿರ್ದೇಶಕ ತೋರಿಸಿದ್ದಾನೆ ಹೇಳಿ!

ಮೂರನೆಯದು ಡ್ರಾ. 1972ರಲ್ಲಿ ರೇಕ್ಯಾವಿಕ್‌ನಲ್ಲಿ ಅಮೆರಿಕದ ಬಾಬಿ ಫಿಷರ್ ಮತ್ತು ಸ್ಪಾಸ್ಕಿ ನಡುವಿನ ವಿಶ್ವ ಚಾಂಪಿಯನ್‌ಶಿಪ್ ಪಂದ್ಯದ 21 ಆಟಗಳಲ್ಲಿ 11 ಡ್ರಾ. ಆ ಪಂದ್ಯದ ಮೇಲೆ ಬಂದ 'ಪಾನ್ ಸ್ಯಾಕ್ರಿಫೈಸ್' ಚಿತ್ರ ಆರನೇ ಆಟವನ್ನೇ ಶಿಖರ ಮಾಡಿಕೊಂಡಿದೆ. ಸೋತ ಸ್ಪಾಸ್ಕಿ ಚಪ್ಪಾಳೆ ತಟ್ಟಿದ್ದು ಖರೆ. ಆದರೆ ಅದಾದ ಮೇಲೆ ಇನ್ನೂ 15 ಆಟ ನಡೆದವು. ಕೊನೆಯ ಆಟವನ್ನು ಅರ್ಧಕ್ಕೆ ನಿಲ್ಲಿಸಿದ್ದರು. ಮರುದಿನ ಸ್ಪಾಸ್ಕಿ ಆಡಲು ಬರಲೇ ಇಲ್ಲ, ಫೋನಿನಲ್ಲೇ ಸೋಲು ಒಪ್ಪಿಕೊಂಡರು. ಫಿಷರ್ 12.5–8.5ರಿಂದ ವಿಶ್ವ ಚಾಂಪಿಯನ್ ಆದದ್ದು ಹೀಗೆ. ಇದನ್ನು ತೆರೆಯ ಮೇಲೆ ಹೇಗೆ ತೋರಿಸುತ್ತಾರೆ ಪಾಪ?

ಹಾಗಂತ ನಿಜವಾದ ಚೆಸ್‌ನಲ್ಲಿ ನಾಟಕವೇ ಇಲ್ಲ ಅಂತಲ್ಲ. 2024ರ ಡಿಸೆಂಬರ್‌ನಲ್ಲಿ ಸಿಂಗಾಪುರದಲ್ಲಿ ವಿಶ್ವ ಚಾಂಪಿಯನ್ ಪಟ್ಟಕ್ಕಾಗಿ ನಮ್ಮ ಗುಕೇಶ್ ಮತ್ತು ಚೀನಾದ ಡಿಂಗ್ ಲಿರೆನ್ ಆಡಿದ 14ನೇ ಆಟ ನೋಡಿ. ಎಲ್ಲರೂ ಡ್ರಾ ಅಂದುಕೊಂಡಿದ್ದರು. 55ನೇ ನಡೆಯಲ್ಲಿ ಡಿಂಗ್ ಆನೆಯನ್ನು ತಪ್ಪು ಮನೆಗೆ ಇಟ್ಟರು. ಮೂಲೆಯಲ್ಲಿ ಸಿಕ್ಕಿಕೊಂಡಿದ್ದ ಒಂಟೆಯ ಕಾರಣ ಆಟ ಕೈಬಿಟ್ಟಿತು. ಮಂತ್ರಿ ಬಲಿ ಇಲ್ಲ, ಚೆಕ್‌ಮೇಟ್ ಇಲ್ಲ. ಮೂರು ನಡೆ ಬಿಟ್ಟು ಡಿಂಗ್ ಸೋಲು ಒಪ್ಪಿ ಕೈ ಕುಲುಕಿದರು, 18ರ ಹುಡುಗ ಕೂತಲ್ಲೇ ಅತ್ತ. ಇದನ್ನೇ ಯಾರಾದರೂ ಕಥೆಯಾಗಿ ಬರೆದುಕೊಟ್ಟಿದ್ದರೆ ನಿರ್ಮಾಪಕರು ಕ್ಲೈಮ್ಯಾಕ್ಸ್‌ನಲ್ಲಿ ದಮ್ ಇಲ್ಲ ಅನ್ನುತ್ತಿದ್ದರು. ಇನ್ನು ಕುಕ್ಕುವ ಮಾತು: 2025ರಲ್ಲಿ ನಾರ್ವೆಯಲ್ಲಿ ಗುಕೇಶ್‌ಗೆ ಸೋತ ಮಾಜಿ ವಿಶ್ವ ಚಾಂಪಿಯನ್ ಕಾರ್ಲ್‌ಸನ್ ಟೇಬಲ್ ಗುದ್ದಿದ್ದು ಜಗತ್ತೇ ನೋಡಿದೆ. ನಿಮ್ಮ ಹುಡುಗ ಆ ವಿಡಿಯೊ ನೋಡಿದ್ದರೆ ನಾನೇನೂ ಮಾಡಲಾರೆ.

ನಮ್ಮ ಭಾಗದವರಿಗೆ ಹತ್ತಿರವಾದ ಚಿತ್ರ ಅಂದರೆ ಸತ್ಯಜಿತ್ ರಾಯ್ ಅವರ 1977ರ 'ಶತರಂಜ್ ಕೆ ಖಿಲಾಡಿ'. 1856ರ ಲಖನೌದ ಕಥೆ. ಅದರಲ್ಲಿ ಆಡುವುದು ಹಳೆಯ ಹಿಂದೂಸ್ತಾನಿ ಕ್ರಮದ ಆಟ. ಒಬ್ಬ ಮುನ್ಷಿ ಬಂದು ಇಂಗ್ಲಿಷರ ಕ್ರಮದಲ್ಲಿ ಪ್ಯಾದೆ ಮೊದಲ ಸಲ ಎರಡು ಮನೆ ಹೋಗಬಹುದು ಎಂದು ಹೇಳುತ್ತಾನೆ. ಕಲಬುರಗಿಯ ಹಳೇ ಓಣಿಗಳ ಹಿರಿಯರ ಜೊತೆ ಆಡಿದವರಿಗೆ ಇದು ಗೊತ್ತು. ಪ್ಯಾದೆ ಒಂದೊಂದೇ ಮನೆ ನಡೆಯುತ್ತದೆ, ಕ್ಯಾಸ್ಲಿಂಗ್ (ರಾಜ, ಆನೆ ಎರಡನ್ನೂ ಒಂದೇ ನಡೆಯಲ್ಲಿ ಸರಿಸುವುದು) ಬದಲು ರಾಜ ಒಮ್ಮೆ ಕುದುರೆಯಂತೆ ಜಿಗಿಯಬಹುದು. ಚಿತ್ರದಲ್ಲಿ ಆಟಗಾರನ ಹೆಂಡತಿ ಕಾಯಿಗಳನ್ನು ಮುಚ್ಚಿಟ್ಟಾಗ ನಿಂಬೆಹಣ್ಣು, ಟೊಮೆಟೊ, ಮೆಣಸಿನಕಾಯಿ ಇಟ್ಟು ಆಡುವ ದೃಶ್ಯವಂತೂ ನೂರಕ್ಕೆ ನೂರು ಖರೆ. ಚೆಸ್ ಹುಚ್ಚು ಹಿಡಿದವರ ಮನೆಯವರನ್ನು ಕೇಳಿ ಬೇಕಾದರೆ. ಆಟದ ನಡೆಗಿಂತ ಆಟದ ಚಟವನ್ನು ಇಷ್ಟು ಸರಿಯಾಗಿ ತೋರಿಸಿದ ಇನ್ನೊಂದು ಚಿತ್ರ ನಾನು ನೋಡಿಲ್ಲ.

ಒಂದು ಸುಳ್ಳು ಮಾತ್ರ ಕೋರ್ಟ್ ಮೆಟ್ಟಿಲು ಹತ್ತಿತು. 'ದಿ ಕ್ವೀನ್ಸ್ ಗ್ಯಾಂಬಿಟ್'ನಲ್ಲಿ ಜಾರ್ಜಿಯಾದ ಆಟಗಾರ್ತಿ ನೋನಾ ಗಪ್ರಿಂದಾಶ್ವಿಲಿ ಗಂಡಸರ ವಿರುದ್ಧ ಆಡಿಯೇ ಇಲ್ಲ ಎಂಬ ಮಾತು ಬರುತ್ತದೆ. ಕಥೆ ನಡೆಯುವ 1968ರ ಹೊತ್ತಿಗೆ ಅವರು ಹತ್ತಾರು ಗಂಡಸರೊಡನೆ ಆಡಿದ್ದರು. 1978ರಲ್ಲಿ ಗ್ರ್ಯಾಂಡ್‌ಮಾಸ್ಟರ್ ಪದವಿ ಪಡೆದ ಮೊದಲ ಮಹಿಳೆಯೂ ಅವರೇ. 2021ರಲ್ಲಿ ಕೇಸ್ ಹಾಕಿದರು, ಮರುವರ್ಷ ರಾಜಿಯಾಯಿತು. ಬೋರ್ಡ್ ಮೇಲಿನ ಪ್ರತಿ ಪ್ಯಾದೆಯನ್ನು ಪರೀಕ್ಷಿಸಿದವರು ಒಬ್ಬ ಆಟಗಾರ್ತಿಯ ಬದುಕನ್ನು ಪರೀಕ್ಷಿಸಲಿಲ್ಲ. ನನಗೆ ಇದು ಬೋರ್ಡ್ ಅಡ್ಡ ಇಡುವುದಕ್ಕಿಂತ ದೊಡ್ಡ ತಪ್ಪು.

ಇನ್ನು ಯಾವುದನ್ನು ತೋರಿಸಬೇಕು ಅಂದಿರಲ್ಲ. 'ದಿ ಕ್ವೀನ್ಸ್ ಗ್ಯಾಂಬಿಟ್'ನಲ್ಲಿ ಕುಡಿತ, ಮಾತ್ರೆ ಚಟ ಜಾಸ್ತಿ, ಚಿಕ್ಕವರಿಗೆ ಬೇಡ. 1993ರ 'ಸರ್ಚಿಂಗ್ ಫಾರ್ ಬಾಬಿ ಫಿಷರ್' ತೋರಿಸಿ, ನೀವೂ ಜೊತೆಗೆ ಕೂತು ನೋಡಿ. ಅಪ್ಪಂದಿರಿಗೂ ಅದರಲ್ಲಿ ಪಾಠ ಇದೆ. ಕೊನೆಯಲ್ಲಿ ಹುಡುಗ ಕೈ ಚಾಚಿ ಡ್ರಾ ಕೇಳುತ್ತಾನೆ, ಎದುರಿನವನು ಒಪ್ಪದೇ ಸೋಲುತ್ತಾನೆ. ನಿಜ ಜೀವನದಲ್ಲಿ ಆ ಆಟ ಡ್ರಾ ಆಗಿತ್ತು. ಟೂರ್ನಮೆಂಟಿನಲ್ಲಿ ಡ್ರಾ ಕೇಳುವ ಕ್ರಮ ಮಾತ್ರ ಮೊದಲೇ ಹೇಳಿಕೊಡಿ: ಮೊದಲು ನಿಮ್ಮ ನಡೆ ಆಡಬೇಕು, ಆಮೇಲೆ ಬಾಯಿಬಿಟ್ಟು ಕೇಳಬೇಕು, ಆಮೇಲೆ ಗಡಿಯಾರ ಒತ್ತಬೇಕು. ಒಮ್ಮೆ ಬೇಡ ಅಂದಮೇಲೆ ಮತ್ತೆ ಮತ್ತೆ ಕೇಳುತ್ತಾ ಕೂತರೆ ಆರ್ಬಿಟರ್ ಎದ್ದು ಬರುತ್ತಾರೆ.