ಫೋಟೋ ಚೇಣಿಗೆ, ಕ್ರಯಕ್ಕಲ್ಲ

ಫೋನ್ ಬರುವುದು ಹೀಗೆ. "ಸರ್, ನಿಮ್ಮ ಆ ಕಾಫಿ ಹೂವಿನ ಫೋಟೋ ನೋಡಿದ್ವಿ, ಸೂಪರ್. ನಮಗೆ ಬೇಕಿತ್ತು. ಒಂದು ಫೋಟೋಗೆ ಎಷ್ಟು ತಗೋತೀರಿ?"

ಎಲ್ಲಿಗೆ ಹೋಗಬೇಕು ಅಂತ ಕೇಳದೆ ಯಾವ ಆಟೋದವರೂ ಬಾಡಿಗೆ ಹೇಳುವುದಿಲ್ಲ. ನಾನು ಹೇಳಿದ್ದೆ. ಈ ಕೆಲಸ ಶುರು ಮಾಡಿದ ಹೊಸತು. ಐದು ಸಾವಿರ ಅಂದೆ. ಕ್ಯಾಲೆಂಡರ್‌ಗೆ ಅಂತ ಬಾಯಲ್ಲಿ ಹೇಳಿದ್ದರು. ಬಿಲ್ಲಿನಲ್ಲಿ ನಾನು ಬರೆದದ್ದು ಇಷ್ಟೇ: "ಫೋಟೋ – 1, ರೂ. 5,000".

ಒಂದೂವರೆ ವರ್ಷ ಆದಮೇಲೆ ಕಡೂರಿನ ಒಂದು ಅಂಗಡಿಯಲ್ಲಿ ಅರ್ಧ ಕೆಜಿ ಕಾಫಿಪುಡಿ ಪ್ಯಾಕೆಟ್ ಕಣ್ಣಿಗೆ ಬಿತ್ತು. ಹೂವು ಎಲ್ಲೋ ನೋಡಿದ ಹಾಗಿದೆ ಅನ್ನಿಸಿತು. ಚಿತ್ರವನ್ನು ಎಡಬಲ ತಿರುಗಿಸಿ, ಪಕ್ಕದಲ್ಲಿ ಹಬೆಯಾಡುವ ಲೋಟ ಅಂಟಿಸಿದ್ದರು. ಲೋಟದ ಮೇಲೆ ಬೆಳಕು ಒಂದು ಕಡೆಯಿಂದ, ಹೂವಿನ ಮೇಲೆ ಇನ್ನೊಂದು ಕಡೆಯಿಂದ. ಕೊಂಬೆಯ ತುದಿಯಲ್ಲಿ ಒಂದು ಎಲೆಗೆ ಹುಳ ತಿಂದ ತೂತಿತ್ತು, ಅದನ್ನು ನೋಡಿದಾಗ ಅನುಮಾನವೇ ಉಳಿಯಲಿಲ್ಲ. ಹೂಮಳೆ ಬಿದ್ದು ಎಂಟೊಂಬತ್ತು ದಿನಕ್ಕೆ ಅರಳಿ, ಎರಡು ಮೂರು ದಿನದಲ್ಲಿ ಕಂದಿ ಹೋಗುವ ಹೂವಿಗೆ ಮೂರು ವರ್ಷ ತೋಟ ಸುತ್ತಿ ಸಿಕ್ಕಿದ ಫೋಟೋ ಅದು.

ಫೋನ್ ಮಾಡಿದರೆ, "ದುಡ್ಡು ಕೊಟ್ಟು ತಗೊಂಡಿದ್ದೀವಲ್ಲ ಸರ್, ಬಿಲ್ ಇದೆ" ಅಂದರು. ಅವರ ಮಾತಿನಲ್ಲಿ ಮೋಸ ಇರಲಿಲ್ಲ ಅನ್ನಿಸುತ್ತದೆ. ನಿಜವಾಗಿಯೂ ಹಾಗೇ ಅಂದುಕೊಂಡಿದ್ದರು.

ಮಲೆನಾಡಿನವರಿಗೆ ಇದನ್ನು ಹೇಳುವುದು ಸುಲಭ. ಅಡಿಕೆ ತೋಟ ಚೇಣಿಗೆ ಕೊಡುತ್ತೇವೆ ಅಲ್ವಾ? ಆ ವರ್ಷದ ಫಸಲು ಚೇಣಿದಾರರದ್ದು, ಮರ ನಮ್ಮದು. ಫೋಟೋ ಲೈಸೆನ್ಸ್ ಅಂದರೆ ಅದೇ. ಕಾಪಿರೈಟನ್ನೇ ಬರೆದುಕೊಡುವುದು ಕ್ರಯಪತ್ರ. ನಮ್ಮ 1957ರ ಕಾಪಿರೈಟ್ ಕಾಯ್ದೆಯೂ ಇಷ್ಟೇ ಸ್ಪಷ್ಟವಾಗಿದೆ: ನೀವು ಸಹಿ ಹಾಕಿದ ಬರಹ ಇಲ್ಲದೆ ಹಕ್ಕು ಕೈ ಬದಲಾಗುವುದಿಲ್ಲ. ಬರೆದುಕೊಟ್ಟರೂ ಎಷ್ಟು ವರ್ಷಕ್ಕೆ ಅಂತ ಹೇಳದಿದ್ದರೆ ಐದು ವರ್ಷ, ಯಾವ ಜಾಗಕ್ಕೆ ಅಂತ ಹೇಳದಿದ್ದರೆ ಭಾರತ ಮಾತ್ರ ಅಂತ ಕಾಯ್ದೆಯೇ ತುಂಬಿಕೊಳ್ಳುತ್ತದೆ. ಅದಕ್ಕೇ ದೊಡ್ಡ ಏಜೆನ್ಸಿಗಳ ಕರಾರಿನಲ್ಲಿ "ಶಾಶ್ವತವಾಗಿ, ವಿಶ್ವದಾದ್ಯಂತ" ಅನ್ನುವ ಎರಡು ಮಾತು ಸದ್ದಿಲ್ಲದೆ ಕೂತಿರುತ್ತವೆ. ಮೊದಲು ಅದನ್ನು ಹುಡುಕಿ.

ಅಂದರೆ ನನ್ನ ಕಡೆ ಕಾನೂನು ಇತ್ತು. ಐದು ಸಾವಿರದ ಫೋಟೋಗೆ ಕೋರ್ಟು ಮೆಟ್ಟಿಲು ಹತ್ತುವ ತಾಳ್ಮೆ ಇರಲಿಲ್ಲ. ಪ್ಯಾಕೆಟ್ಟಿಗೆ ಅಂತ ಬೇರೆ ಬಿಲ್ ಕಳಿಸಿದೆ, ಅರ್ಧ ಬಂತು, ಸುಮ್ಮನಾದೆ.

ಒಂದು ಮಾತು ಮರೆಯಬೇಡಿ. ಇದೆಲ್ಲ ನೀವೇ ತೆಗೆದು ಇಟ್ಟುಕೊಂಡ ಫೋಟೋ ಕಥೆ. ಯಾರೋ ದುಡ್ಡು ಕೊಟ್ಟು, "ನಮ್ಮ ಹೋಮ್‌ಸ್ಟೇ ಫೋಟೋ ತೆಗೆದುಕೊಡಿ" ಅಂತ ಕರೆಸಿದರೆ ಲೆಕ್ಕ ಉಲ್ಟಾ. ಬೇರೆ ಒಪ್ಪಂದ ಇಲ್ಲದಿದ್ದರೆ ಸೆಕ್ಷನ್ 17ರ ಪ್ರಕಾರ ಮೊದಲ ಮಾಲೀಕರು ತೆಗೆಸಿದವರೇ. ನನಗೆ ಗೊತ್ತಿರುವ ಎಷ್ಟೋ ಒಳ್ಳೆಯ ಫೋಟೋಗ್ರಾಫರುಗಳು ಇದನ್ನು ಕೇಳಿ ಬೆಚ್ಚಿಬಿದ್ದಿದ್ದಾರೆ. ಶೂಟಿಗೆ ಹೋಗುವ ಮೊದಲೇ "ಕಾಪಿರೈಟ್ ಫೋಟೋಗ್ರಾಫರ್ ಬಳಿಯೇ ಇರುತ್ತದೆ, ಗ್ರಾಹಕರಿಗೆ ಇಂತಿಂಥ ಬಳಕೆಗೆ ಲೈಸೆನ್ಸ್" ಅಂತ ಒಂದು ಸಾಲಿಗೆ ಇಬ್ಬರೂ ಸಹಿ ಹಾಕಬೇಕು. ಶೂಟ್ ಮುಗಿದಮೇಲೆ ಕೇಳಿದರೆ ಯಾರೂ ಹಾಕುವುದಿಲ್ಲ.

ಈಗ ರೇಟಿಗೆ ಬರೋಣ. ಕ್ಯಾಮೆರಾ ಎಷ್ಟಕ್ಕೆ ತಂದಿರಿ, ಎಷ್ಟು ದಿನ ಕಾದಿರಿ ಅನ್ನುವುದು ಕೊಳ್ಳುವವರಿಗೆ ಬೇಡದ ಮಾತು. ಅವರಿಗೆ ಆ ಚಿತ್ರ ಎಷ್ಟು ಕೆಲಸ ಮಾಡಿಕೊಡುತ್ತದೆ, ಅದರ ಮೇಲೆ ಬೆಲೆ. ಹಾಗಾಗಿ ನಾನು ಒಂದು ಮೂಲ ದರ ಇಟ್ಟುಕೊಂಡಿದ್ದೇನೆ: ವೆಬ್‌ಸೈಟಿಗೆ, ಒಂದು ವರ್ಷಕ್ಕೆ, ಹತ್ತು ಸಾವಿರ. ಇದು ನನ್ನ ದರ, ನಿಮ್ಮದು ನಿಮ್ಮ ಊರು ಮತ್ತು ಕೆಲಸ ನೋಡಿ ಕಟ್ಟಿಕೊಳ್ಳಿ.

ಮೊನ್ನೆ ಇನ್ನೊಬ್ಬ ಕಾಫಿಪುಡಿಯವರು ಬಂದರು, ಅವರಿಗೂ ಹೂವಿನ ಫೋಟೋನೇ ಬೇಕು (ಬೇರೆ ಹೂವು, ಬೇರೆ ತೋಟ). ಪ್ಯಾಕೆಟ್ ಮೇಲೆ, ಎರಡು ವರ್ಷ, ಬೇರೆ ಯಾವ ಕಾಫಿ ಕಂಪನಿಗೂ ಕೊಡಬಾರದು. ಪ್ಯಾಕೆಟ್ ಅಂದರೆ ನನಗೆ ಮೂಲ ದರದ ಮೂರು ಪಟ್ಟು, ಯಾಕೆಂದರೆ ಅದೇ ಮಾಲಿನ ಮುಖ: ಮೂವತ್ತು ಸಾವಿರ. ಎರಡನೇ ವರ್ಷಕ್ಕೆ ಪೂರ್ತಿ ಸೇರಿಸುವುದಿಲ್ಲ, ಅರ್ಧ: ನಲವತ್ತೈದು. ಬೇರೆ ಕಾಫಿಯವರಿಗೆ ಬಾಗಿಲು ಮುಚ್ಚುತ್ತೇನಲ್ಲ, ಆ ನಷ್ಟಕ್ಕೆ ಈ ನಲವತ್ತೈದರ ಮೇಲೆ ಅದರರ್ಧ. ಒಟ್ಟು 67,500.

"ಅಯ್ಯೋ ಸರ್, ನಮ್ಮ ಬಜೆಟ್ ನಲವತ್ತು!" ಅಂದರು.

ಇಲ್ಲೇ ಬಹಳ ಜನ ಎಡವುವುದು. ನಲವತ್ತಕ್ಕೆ ಅಷ್ಟನ್ನೂ ಕೊಟ್ಟುಬಿಟ್ಟರೆ ಮೊದಲು ಹೇಳಿದ ರೇಟು ಸುಳ್ಳು ಅಂತ ನೀವೇ ಒಪ್ಪಿಕೊಂಡ ಹಾಗೆ. ನಾನು ಬೆಲೆ ಇಳಿಸಲಿಲ್ಲ, ಹಕ್ಕು ಇಳಿಸಿದೆ. ಒಂದು ವರ್ಷ, ಪ್ಯಾಕೆಟ್ ಮಾತ್ರ, ಕರ್ನಾಟಕದೊಳಗೆ ಬೇರೆ ಕಾಫಿಯವರಿಗೆ ಕೊಡುವುದಿಲ್ಲ, ಹೊರಗೆ ಕೊಡಬಹುದು. ನಲವತ್ತು ಸಾವಿರ, ಜಿಎಸ್‌ಟಿ ಬೇರೆ. ಹತ್ತು ನಿಮಿಷದಲ್ಲಿ ಒಪ್ಪಿದರು.

"ಬೇರೆಯವರಿಗೆ ಕೊಡಲ್ಲ" ಅಂತ ಮಾತು ಕೊಡುವ ಮೊದಲು ಆ ಫೋಟೋ ಎಲ್ಲೆಲ್ಲಿ ಹೋಗಿದೆ ಅಂತ ನೋಡಿಕೊಳ್ಳಿ. ಸ್ಟಾಕ್ ಸೈಟಿನಲ್ಲಿ (ಯಾರ ಫೋಟೋ ಬೇಕಾದರೂ ಇಟ್ಟು ಮಾರುವ ವೆಬ್‌ಸೈಟು) ಯಾವತ್ತೋ ರಾಯಲ್ಟಿ ಫ್ರೀ ಅಂತ ಹಾಕಿ ಒಂದು ಸಲ ಮಾರಾಟ ಆಗಿದ್ದರೂ ಸಾಕು, ಆಮೇಲೆ ಅಳಿಸಿದರೂ ಕೊಂಡವರ ಬಳಿ ಹಕ್ಕು ಇದ್ದೇ ಇರುತ್ತದೆ. ನಿಮ್ಮ ಮಾತು ಉಳಿಯುವುದಿಲ್ಲ. ಅಂದಹಾಗೆ ರಾಯಲ್ಟಿ ಫ್ರೀ ಅಂದರೆ ಪುಕ್ಕಟೆ ಅಲ್ಲ. ಒಂದು ಸಲ ಕೊಟ್ಟರೆ ಪ್ರತಿ ಬಳಕೆಗೂ ಮತ್ತೆ ಕೊಡಬೇಕಿಲ್ಲ ಅಂತ ಅಷ್ಟೇ.

ಹೂವಿನ ಬದಲು ಕಾಫಿ ಕುಯ್ಯುವ ಹೆಂಗಸಿನ ಮುಖ ಇದ್ದರೆ? ಪತ್ರಿಕೆಯ ಸುದ್ದಿಗೆ ಹೋಗುವುದು ಬೇರೆ, ಪುಡಿ ಮಾರುವ ಪ್ಯಾಕೆಟ್ ಮೇಲೆ ಕೂರುವುದು ಬೇರೆ. ಅವರ ಒಪ್ಪಿಗೆ ಬೇಕೇ ಬೇಕು. ನಾನು ಒಂದು ಪುಟದ ಕನ್ನಡ ಒಪ್ಪಿಗೆಪತ್ರ ಬ್ಯಾಗಿನಲ್ಲಿ ಇಟ್ಟುಕೊಂಡಿರುತ್ತೇನೆ, ಗಟ್ಟಿಯಾಗಿ ಓದಿ ಹೇಳಿ, ಆಮೇಲೆ ಸಹಿ ಅಥವಾ ಹೆಬ್ಬೆಟ್ಟು. ಆ ಫೋಟೋ ಲೈಸೆನ್ಸಿಗೆ ಹೋದಾಗ ಅವರಿಗೆ ಒಂದು ಪಾಲು ಕೊಡುತ್ತೇನೆ. ಒಮ್ಮೆ ಒಬ್ಬಾಕೆ, "ನನ್ನ ಮುಖ ಹಾಕಿ ಅವ್ರು ಏನು ಮಾರ್ತಾರಣ್ಣ?" ಅಂತ ಕೇಳಿದಳು. ನಾನು ಗ್ರಾಹಕರಿಗೆ ಕೇಳುವ ಮೊದಲ ಪ್ರಶ್ನೆಯೂ ಅದೇ.

ಕಡಿಮೆ ದುಡ್ಡು ಕೊಡುವವರು ಸಾಮಾನ್ಯವಾಗಿ "ನಿಮ್ಮ ಹೆಸರು ಹಾಕ್ತೀವಿ ಸರ್" ಅನ್ನುತ್ತಾರೆ. ಹೆಸರು ಹೇಳಿಸಿಕೊಳ್ಳುವ ಹಕ್ಕು ಕಾಯ್ದೆಯ ಸೆಕ್ಷನ್ 57ರಲ್ಲೇ ಇದೆ. ಅದನ್ನು ರಿಯಾಯಿತಿಗೆ ಯಾಕೆ ಅಡವಿಡಬೇಕು?

ಇನ್ನು ಫೈಲು. ಚಿಕ್ಕ ಫೈಲ್ ಕಳಿಸಿದರೆ ಹೋರ್ಡಿಂಗ್ ಮಾಡಲಾಗುವುದಿಲ್ಲ ಅಂತ ನಂಬಿದ್ದರೆ ಬಿಟ್ಟುಬಿಡಿ. ಹೋರ್ಡಿಂಗನ್ನು ನೂರು ಅಡಿ ದೂರದಿಂದ ನೋಡುತ್ತಾರೆ, ಅದಕ್ಕೆ ಪುಸ್ತಕದ ಹಾಗೆ ಇಂಚಿಗೆ 300 ಚುಕ್ಕೆ ಬೇಕಿಲ್ಲ. ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಿದರೆ ಫೈಲಿನ ಒಳಗೆ ತುಂಬಿಸಿದ ನಿಮ್ಮ ಹೆಸರು, ನಂಬರ್ ಎಲ್ಲ ಉದುರಿಹೋಗುತ್ತದೆ. ಒಪ್ಪಿಗೆಗೆ ಮೊದಲು ನಾನು ಕಳಿಸುವುದು ನಡುವೆ ಹೆಸರು ಹೊಡೆದ ಚಿಕ್ಕ ಚಿತ್ರ. ದುಡ್ಡು ಬಂದಮೇಲೆ ದೊಡ್ಡದು, ಮೇಲ್‌ನಲ್ಲಿ, ಬಿಲ್ಲಿನ ಜೊತೆ.

ಈಗಿನ ಬಿಲ್ಲಿನಲ್ಲಿ ಹೀಗಿರುತ್ತದೆ: "ಕಾಫಿ ಹೂವು, ಫೋಟೋ ನಂ. 0417. ಬಳಕೆ: 200 ಗ್ರಾಂ ಮತ್ತು 500 ಗ್ರಾಂ ಪ್ಯಾಕೆಟ್ ಮಾತ್ರ. ಅವಧಿ: ಒಂದು ವರ್ಷ, ಬಿಲ್ಲಿನ ತಾರೀಖಿನಿಂದ. ಪ್ಯಾಕೆಟ್ ಮಾರಾಟ: ಭಾರತ. ಎಡಬಲ ತಿರುಗಿಸುವಂತಿಲ್ಲ. ಪೂರ್ತಿ ಹಣ ಸೇರಿದ ಮೇಲಷ್ಟೇ ಲೈಸೆನ್ಸ್ ಜಾರಿ." ತಿರುಗಿಸುವ ಸಾಲು ನೋಡಿ ಕೆಲವರು ನಗುತ್ತಾರೆ, ನಾನು ತೆಗೆದಿಲ್ಲ.