ವಾರ್ಹಾಲ್ ಹುಲಿಯ ಮುಂದೆ ಭೂತಗನ್ನಡಿ ಹಿಡಿದು: ಸ್ಕ್ರೀನ್ ಪ್ರಿಂಟ್ ಟಿಪ್ಪಣಿ

ಒಂದೇ ಚಿತ್ರದ 150 ಪ್ರತಿ ಇದ್ದರೆ ಅದರಲ್ಲಿ ಮೂಲ ಯಾವುದು? ಪ್ರಿಂಟ್ ಪಾಠ ಶುರು ಮಾಡಿದಾಗ ನನಗೆ ಇಲ್ಲೇ ತಲೆ ಕೆಟ್ಟಿತ್ತು. ಉತ್ತರ ಸುಲಭ: 150ಕ್ಕೆ 150ವೂ ಮೂಲವೇ. ಎಲ್ಲೋ ಒಂದು ಪೇಂಟಿಂಗ್ ಇದ್ದು, ಅದನ್ನು ನೋಡಿ ಕಾಪಿ ಹೊಡೆದಿದ್ದಲ್ಲ. ಕಾಗದದ ಮೇಲೆ ಬಿದ್ದ ಇಂಕೇ ಕೃತಿ.

ನಾನು ಉದಾಹರಣೆಗೆ ಇಟ್ಟುಕೊಂಡಿರುವುದು ಅಮೆರಿಕದ ಪಾಪ್ ಕಲಾವಿದ ಆಂಡಿ ವಾರ್ಹಾಲ್‌ನ ‘ಸೈಬೀರಿಯನ್ ಟೈಗರ್’ ಅನ್ನುವ ಸ್ಕ್ರೀನ್ ಪ್ರಿಂಟ್. 1983ರ ‘ಎಂಡೇಂಜರ್ಡ್ ಸ್ಪೀಷೀಸ್’ ಸರಣಿಯ ಹತ್ತರಲ್ಲಿ ಇದೂ ಒಂದು. ಮಾಡಿಸಿದವರು ನ್ಯೂಯಾರ್ಕ್‌ನ ಗ್ಯಾಲರಿಯ ರೊನಾಲ್ಡ್ ಮತ್ತು ಫ್ರೇಡಾ ಫೆಲ್ಡ್‌ಮನ್ ದಂಪತಿ. ಆನೆ, ಘೇಂಡಾಮೃಗ, ಪಾಂಡಾ, ಒರಾಂಗುಟಾನ್ ಜೊತೆಗೆ ಒಂದು ಪುಟ್ಟ ಮರಗಪ್ಪೆ, ಒಂದು ಚಿಟ್ಟೆ ಕೂಡ ಇವೆ. ಹುಲಿ ನಮ್ಮ ಬಂಡೀಪುರದ್ದಲ್ಲ, ರಷ್ಯಾದ ಪೂರ್ವ ತುದಿಯ ಕಾಡಿನದು. ವಾರ್ಹಾಲ್ ಈ ಚಿತ್ರಗಳನ್ನು ಮೇಕಪ್ ಹಾಕಿಕೊಂಡ ಪ್ರಾಣಿಗಳು ಅಂತ ಕರೆದಿದ್ದ. 1962ರಲ್ಲಿ ಹಾಲಿವುಡ್ ನಟಿ ಮರ್ಲಿನ್ ಮನ್ರೋ ಮುಖದ ಫೋಟೋಗೆ ಬಣ್ಣ ಹಾಕಿ ಮಾಡಿದ್ದನ್ನೇ ಇಪ್ಪತ್ತೊಂದು ವರ್ಷದ ನಂತರ ಹುಲಿಗೂ ಮಾಡಿದ, ಅಷ್ಟೇ ಅಲ್ವಾ? ಪಂಜರ ಇಲ್ಲ, ಕಾಡೂ ಇಲ್ಲ. ಸಿನಿಮಾ ತಾರೆಯ ಹಾಗೆ ಮುಖ ಮಾತ್ರ.

ಈಗ ಮಾಡುವ ವಿಧಾನ. ಮೂಲೆಗೆ ಅರಿಸಿನ ಹಚ್ಚಿ ಕೊಡುವ ಮದುವೆ ಕಾರ್ಡು, ಜವಳಿ ಅಂಗಡಿಯ ಬಟ್ಟೆ ಚೀಲ, ಇವುಗಳ ಮೇಲೆ ಸ್ಕ್ರೀನ್ ಪ್ರಿಂಟಿಂಗ್‌ನವರು ಹೆಸರು ಹಾಕುವುದನ್ನು ನೋಡಿದ್ದರೆ ನಿಮಗೆ ಅರ್ಧ ಪಾಠ ಆಗಿದೆ. ಫ್ರೇಮಿಗೆ ಬಿಗಿಯಾಗಿ ಎಳೆದ ತೆಳು ಬಟ್ಟೆಗೆ ಎಮಲ್ಷನ್ (ಬೆಳಕಿಗೆ ಗಟ್ಟಿಯಾಗುವ ದ್ರವ) ಬಳಿದು, ಕತ್ತಲಲ್ಲಿ ಒಣಗಿಸಿ, ಅದರ ಮೇಲೆ ಫಿಲ್ಮ್ ಪಾಸಿಟಿವ್, ಅಂದರೆ ಚಿತ್ರ ಕಪ್ಪಾಗಿ ಮೂಡಿದ ಪಾರದರ್ಶಕ ಹಾಳೆ, ಇಟ್ಟು ಬೆಳಕು ಬಿಡುತ್ತಾರೆ. ಬೆಳಕು ಬಿದ್ದ ಕಡೆ ಎಮಲ್ಷನ್ ಗಟ್ಟಿಯಾಗುತ್ತದೆ. ಫಿಲ್ಮಿನ ಕಪ್ಪು ಭಾಗದ ಕೆಳಗೆ ಮೆತ್ತಗೇ ಉಳಿದು, ನೀರು ಬಿಟ್ಟರೆ ತೊಳೆದು ಹೋಗುತ್ತದೆ. ಸ್ಕ್ವೀಜಿ, ಅಂದರೆ ರಬ್ಬರ್ ಪಟ್ಟಿ, ಎಳೆದಾಗ ಬಟ್ಟೆಯ ಆ ತೆರೆದ ಕಣ್ಣುಗಳಿಂದ ಇಂಕು ಇಳಿಯುತ್ತದೆ. ನಾನು ಒಮ್ಮೆ ಬೆಳಕಿನಲ್ಲಿ ಜಾಸ್ತಿ ಹೊತ್ತು ಬಿಟ್ಟು, ಅರ್ಧ ಗಂಟೆ ನಲ್ಲಿ ಕೆಳಗೆ ಉಜ್ಜಿದರೂ ಒಂದು ಗೆರೆ ಬಿಡಲಿಲ್ಲ. ಆ ಸ್ಕ್ರೀನ್ ಇನ್ನೂ ಅಟ್ಟದ ಮೇಲಿದೆ.

ಒಂದು ಬಣ್ಣಕ್ಕೆ ಒಂದು ಸ್ಕ್ರೀನ್ ಅಂತ ಲೆಕ್ಕ. ಮದುವೆ ಕಾರ್ಡಿನಲ್ಲಿ ಬಣ್ಣ ಕೂದಲಷ್ಟು ಆಚೀಚೆ ಆದರೂ ಗಿರಾಕಿ ಬೈಯುತ್ತಾನೆ. ವಾರ್ಹಾಲ್‌ನ ಹುಲಿಯಲ್ಲಿ ಬೇಕಂತಲೇ ಆಚೀಚೆ ಮಾಡಿದ್ದಾರೆ. ಫೋಟೋದ ಮೇಲೆ ಕೈಯಲ್ಲಿ ಎಳೆದಂಥ ಬಣ್ಣದ ಗೆರೆಗಳು ಓಡುತ್ತವೆ, ಅವು ಕೆಳಗಿನ ಮುಖಕ್ಕೆ ಪೂರ್ತಿ ಕೂರುವುದಿಲ್ಲ. ಹುಲಿ ಸ್ವಲ್ಪ ಅಲುಗಾಡಿದಂತೆ ಕಾಣುವುದು ಇದರಿಂದಲೇ ಅಂತ ನನ್ನ ಅನಿಸಿಕೆ. ಅಂದ ಹಾಗೆ, ಸ್ಕ್ವೀಜಿ ಎಳೆಯುವ ಕೆಲಸದ ಹೊಣೆ ವಾರ್ಹಾಲ್‌ನದಲ್ಲ, ಮುದ್ರಕ ರುಪರ್ಟ್ ಜೇಸನ್ ಸ್ಮಿತ್‌ದು. ಹಾಗಾದರೆ ಕಲಾವಿದ ಯಾರು ಅಂತ ಜಗಳ ಆಡುವವರು ಆಡಲಿ. ಫೋಟೋ, ಬಣ್ಣ, ಗೆರೆ ಏನಿರಬೇಕು ಅಂತ ತೀರ್ಮಾನಿಸಿದವನು ಕಲಾವಿದ ಅಂತ ಪ್ರಿಂಟ್ ಲೋಕ ಬಹಳ ಹಿಂದೆಯೇ ಒಪ್ಪಿಕೊಂಡಿದೆ.

ಸಂಗ್ರಹಕಾರರು ಮೊದಲು ನೋಡುವುದು ಪೆನ್ಸಿಲ್ ಬರಹ. 38 ಇಂಚು ಚೌಕದ ಕಾಗದದ ಅಂಚಿನಲ್ಲಿ ಸಹಿ, ಪಕ್ಕದಲ್ಲಿ 42/150 ಥರ ಒಂದು ಅಂಕಿ. 150 ಪ್ರತಿಗಳಲ್ಲಿ 42ನೆಯದು ಅಂತ ಅರ್ಥ. ಮೊದಲ ಅಂಕಿ ಚಿಕ್ಕದಾದಷ್ಟೂ ಪ್ರಿಂಟ್ ಚೆನ್ನಾಗಿರುತ್ತದೆ ಅನ್ನುವುದು ಸ್ಕ್ರೀನ್ ಪ್ರಿಂಟಿಗೆ ಅಷ್ಟಾಗಿ ಹೊಂದುವುದಿಲ್ಲ. ಅದು ತಾಮ್ರದ ತಗಡಿನಲ್ಲಿ ಚಿತ್ರ ಕೊರೆದು ಅಚ್ಚು ಹಾಕುವಾಗ, ಪ್ರತಿ ಹೆಚ್ಚಾದಂತೆ ತಗಡು ಸವೆಯುತ್ತಿದ್ದ ಕಾಲದ ಮಾತು. ಮೇಲಾಗಿ ಅಂಕಿ ಹಾಕುವಾಗ ಮುದ್ರಿಸಿದ ಕ್ರಮದಲ್ಲೇ ಹಾಕಬೇಕೆಂಬ ನಿಯಮವೂ ಇಲ್ಲ. 150ರ ಹೊರಗೆ 30 ಎ.ಪಿ. (ಆರ್ಟಿಸ್ಟ್ಸ್ ಪ್ರೂಫ್) ಇವೆ, ಅಂದರೆ ಕಲಾವಿದನ ಪಾಲಿನ ಪ್ರತಿಗಳು. ಟಿ.ಪಿ. ಅಂತ ಕಂಡರೆ ಅದು ಟ್ರಯಲ್ ಪ್ರೂಫ್: ಬೇರೆ ಬೇರೆ ಬಣ್ಣ ಜೋಡಿಸಿ ನೋಡಿದ್ದು, ಒಂದರ ಹಾಗೆ ಇನ್ನೊಂದಿಲ್ಲ.

ಕೊನೆಗೆ ಭೂತಗನ್ನಡಿ, ಎದುರಿಗಿರುವುದು ಸ್ಕ್ರೀನ್ ಪ್ರಿಂಟೋ ಪೋಸ್ಟರೋ ಅಂತ ಗುರುತಿಸಲು. ಆಫ್‌ಸೆಟ್‌ನಲ್ಲಿ, ಅಂದರೆ ಪತ್ರಿಕೆ-ಪುಸ್ತಕ ಮುದ್ರಿಸುವ ಯಂತ್ರದಲ್ಲಿ, ಅಚ್ಚಾದ ಪೋಸ್ಟರಿನಲ್ಲಿ ಹುಲಿಯ ಮುಖ ದೂರದಿಂದ ಹೀಗೇ ಕಾಣುತ್ತದೆ. ಹತ್ತಿರ ಹಿಡಿದರೆ ಕಿತ್ತಳೆ ಬಣ್ಣವೇ ಇರುವುದಿಲ್ಲ, ಹಳದಿ ಮತ್ತು ಗುಲಾಬಿ ಚುಕ್ಕಿಗಳು ಪುಟ್ಟ ಹೂವಿನಂತೆ ಗುಂಪು ಕಟ್ಟಿರುತ್ತವೆ. ಸ್ಕ್ರೀನ್ ಪ್ರಿಂಟಿನಲ್ಲಿ ಕಿತ್ತಳೆ ಅಂದರೆ ಡಬ್ಬಿಯಲ್ಲೇ ಕಲಸಿದ ಕಿತ್ತಳೆ, ಒಂದೇ ಸಮನಾದ ಪದರ. ಫೋಟೋದ ಭಾಗದಲ್ಲಿ ಚುಕ್ಕಿ ಇರಬಹುದು, ಆದರೆ ಅವೆಲ್ಲ ಒಂದೇ ಬಣ್ಣದವು. ಕಾಗದವನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ: ಒಂದು ಬಣ್ಣದ ಮೇಲೆ ಇನ್ನೊಂದು ಹತ್ತಿದ ಜಾಗದಲ್ಲಿ ಇಂಕಿನ ಅಂಚು ಸಣ್ಣ ಮೆಟ್ಟಿಲಿನಂತೆ ಕಾಣಬೇಕು.